ಹಾಯಿದೋಣಿಗೊಂದು ನಾಗಂದಿಗೆ

ಸವಳಂಗದವನಾದ ನನಗೆ ನೀರೆಂದರೆ ಕೆರೆ. ಶಿವಮೊಗ್ಗ ಕಡೆಯಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸಿನವರು ಕತ್ತು ಹೊರಳಿಸಿ ನೋಡುವ ನಮ್ಮೂರ ಕೆರೆ. ಮಳೆ ಹಿಡಿದು ಕೋಡಿ ಬಿದ್ದರೆ ಆ ವರ್ಷ ಊರಿಗೆ ಹಬ್ಬ, ಬೀಳದಿದ್ದರೆ ಕಟ್ಟೆಯ ಮೇಲೆ ಕೂತವರಿಗೆ ಮಾತು. ಸಮುದ್ರವನ್ನು ನಾನು ಕಂಡದ್ದು ಎರಡೇ ಸಲ. ಎರಡು ಸಲವೂ ಶಾಲೆಯ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗ, ತಲೆ ಎಣಿಸುವ ಗಾಬರಿಯಲ್ಲಿ, ಬೆನ್ನು ಹಾಕಿಯೇ ನಿಂತಿದ್ದೆ. ಇಂಥವನಿಗೆ ಅಕ್ಕನ ಮಗ ಅಮೆರಿಕದಿಂದ ವಿಡಿಯೊ ಕಾಲ್ ಮಾಡಿ, "ಮಾಮ, ಹಾಯಿದೋಣಿ ತಗೊಂಡಿದೀನಿ. ಒಳಗೆ ಸಾಮಾನು ಇಡಾಕೆ ಜಾಗಾನೇ ಸಾಲ್ತಿಲ್ಲ. ನೀನೇ ಏನಾರ ಹೇಳು" ಅಂದ.

ನನ್ನನ್ನೇ ಕೇಳಲು ಕಾರಣವಿತ್ತು. ನಮ್ಮ ನೆಂಟರಿಷ್ಟರ ಮದುವೆಗಳಲ್ಲಿ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲೇ ಇರುತ್ತಿತ್ತು. ಹತ್ತು ಅಡಿ ಕೋಣೆಯಲ್ಲಿ ಅಕ್ಕಿ ಮೂಟೆ, ಬೆಲ್ಲದ ಪೆಂಟೆ, ಎಣ್ಣೆ ಡಬ್ಬ, ಬಾಳೆಲೆ, ಕುಂಬಳಕಾಯಿ ಎಲ್ಲ ಜೋಡಿಸಿ, ನಡುವೆ ನಾನು ಕಾಲು ಚಾಚಿ ಕೂರುವಷ್ಟು ಜಾಗವನ್ನೂ ಉಳಿಸಿಕೊಳ್ಳುವ ವಿದ್ಯೆ ನನಗೆ ಒಲಿದಿತ್ತು. ಈಗ ಕ್ಯಾಟರಿಂಗಿನವರು ಬಂದು ಆ ವಿದ್ಯೆಯನ್ನು ಕೇಳುವವರಿಲ್ಲ. ಬೀಗದ ಕೈ ಇಲ್ಲದ ಸೊಂಟ ಹಗುರಾಗಿದ್ದ ಹೊತ್ತಿಗೆ ಹಡಗಿನ ಉಗ್ರಾಣವೇ ಬಂದರೆ ಬಿಡಲಾದೀತೆ? ಆಗಲಿ ಅಂದೆ.

ಅಕ್ಕ ಮಾತ್ರ ಊಟ ಬಿಟ್ಟಳು, ಒಂದು ಹೊತ್ತು. ಅವನ ಜಾತಕದಲ್ಲಿ ನೀರಿನ ಗಂಡ ಇದೆಯಂತೆ. ಆ ಕಾರಣಕ್ಕೇ ಅವನನ್ನು ಕೆರೆ ಏರಿ ಹತ್ತಲೂ ಬಿಡದೆ ಬೆಳೆಸಿ, ಓದಿಸಿ, ಒಣಗಿದ ಊರಲ್ಲಿ ಕೆಲಸ ಸಿಗಲಿ ಎಂದು ಹರಕೆ ಹೊತ್ತವಳು ಅವಳು. ಅವನು ಹೋಗಿ ನಿಂತದ್ದು ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಡದಲ್ಲಿ.

ದೋಣಿಯ ವಿವರ ಹೀಗೆ. ಕ್ಯಾಟಲಿನಾ 22 ಎಂಬ ಜಾತಿ. ಫ್ರ್ಯಾಂಕ್ ಬಟ್ಲರ್ ಎಂಬಾತ ಶುರು ಮಾಡಿದ ಕಂಪನಿಯದು, ಈವರೆಗೆ 15,000ಕ್ಕೂ ಹೆಚ್ಚು ಕಟ್ಟಿದ್ದಾರೆ. ನಮ್ಮ ಹುಡುಗನದು ನಾಲ್ಕಾರು ಕೈ ದಾಟಿ ಬಂದದ್ದು. ಹೆಸರಿನಲ್ಲಿ 22 ಅಡಿ, ಅಳೆದರೆ 21 ಅಡಿ 6 ಇಂಚು. ನಮ್ಮ ಕಡೆ ಮೂವತ್ತು–ನಲವತ್ತು ಸೈಟು ಅಳೆದಾಗಲೂ ಹೀಗೇ ಆಗುತ್ತದೆ, ಅದಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಅಗಲ ಏಳೂಮುಕ್ಕಾಲು ಅಡಿಗೆ ಚೂರು ಕಮ್ಮಿ. ಒಳಗೆ ನೆಟ್ಟಗೆ ನಿಲ್ಲುವಂತಿಲ್ಲ. ಸೂರಿನ ಒಂದು ತುಂಡನ್ನು ಡಬ್ಬದ ಮುಚ್ಚಳದಂತೆ ಎತ್ತಿ ನಿಲ್ಲಿಸಿಕೊಂಡರೆ ಅಷ್ಟರಮಟ್ಟಿಗೆ ಬೆನ್ನು ನೆಟ್ಟಗಾಗುತ್ತದೆ. ಇಷ್ಟರಲ್ಲಿ ಐದು ಜನ ಮಲಗಬಹುದಂತೆ. ಅವನು ಅದನ್ನು ತಮಾಷೆಯೆಂಬಂತೆ ಹೇಳಿದ. ನಾನು ನಗಲಿಲ್ಲ. ನಾನು ಹುಟ್ಟಿದ್ದು ಮೂರಂಕಣದ ಮನೆಯಲ್ಲಿ. ಅದರಲ್ಲಿ ಒಂದಂಕಣ ದನಗಳದು. ಉಳಿದೆರಡರಲ್ಲಿ ಹನ್ನೊಂದು ಜನ ಮಲಗುತ್ತಿದ್ದೆವು, ಜಾತ್ರೆಯಲ್ಲಿ ಹದಿನೇಳು.

ಫೋನನ್ನು ಒಳಗೆಲ್ಲ ತಿರುಗಿಸಿ ತೋರಿಸಿದ. ಎರಡು ಕಡೆ ಬೆಂಚು, ನಡುವೆ ಮೊಣಕಾಲಿಗೆ ತಾಗುವ ಹಾದಿ, ಮುಂದೆ ಮೂಗಿನೊಳಗೆ ತ್ರಿಕೋನದ ಹಾಸಿಗೆ. ಆ ಹಾಸಿಗೆಯ ಮೇಲೆ ಹಾಯಿಬಟ್ಟೆ, ಹಗ್ಗ, ಸ್ಟೌವು, ಕುಕ್ಕರು, ಲೈಫ್ ಜಾಕೆಟ್ಟು, ಒಂದು ಬಕೆಟ್ಟು, ಅಕ್ಕ ಕಳಿಸಿದ್ದ ಚಟ್ನಿಪುಡಿ. ಮಲಗುವುದೆಲ್ಲಿ ಎಂದರೆ, ರಾತ್ರಿ ಇವನ್ನೆಲ್ಲ ಬೆಂಚಿಗೆ ಹಾಕುತ್ತೇನೆ, ಬೆಳಿಗ್ಗೆ ಬೆಂಚಿನಿಂದ ಹಾಸಿಗೆಗೆ ಹಾಕುತ್ತೇನೆ ಅಂದ. ಎಂಜಿನಿಯರಿಂಗ್ ಓದಿದವನು. ಪ್ಲಾಸ್ಟಿಕ್ ಡಬ್ಬಗಳನ್ನು ಅಳತೆ ಮಾಡಿ ಡಜನ್ ಲೆಕ್ಕದಲ್ಲಿ ತಂದಿದ್ದ. ಒಂದೂ ಕೂತಿರಲಿಲ್ಲ. ದೋಣಿಯ ಒಳಮೈಯಲ್ಲಿ ಒಂದೂ ನೇರ ಗೋಡೆಯಿಲ್ಲ, ಒಂದೂ ಮೂಲೆಯಿಲ್ಲ. ಎಲ್ಲ ಬಾಣಲೆಯ ಹೊಟ್ಟೆಯಂತೆ ಬಾಗಿದೆ. ಅಲ್ಲಿ ಚೌಕದ ಡಬ್ಬ ಇಟ್ಟರೆ ಡಬ್ಬಕ್ಕಿಂತ ಹೆಚ್ಚು ಜಾಗ ಅದರ ಹಿಂದೆ ಹಾಳಾಗುತ್ತದೆ.

"ಚೀಲಕ್ಕೆ ತುಂಬಪ್ಪಾ" ಅಂದೆ. "ಚೀಲ ಜಾಗ ಕಂಡಂಗೆ ಕೂರ್ತತೆ. ಡಬ್ಬ ಕೂರಲ್ಲ, ಅದು ಬೀಗರಂಗೆ."

ಇದು ನನ್ನ ಸ್ವಂತ ಬುದ್ಧಿಯಲ್ಲ. ಇಲ್ಲೇ ನಮ್ಮೂರ ಹತ್ತಿರದ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರವರಿಯಲ್ಲಿ ಜಾತ್ರೆಗೆ ದೇಶದ ಎಲ್ಲೆಲ್ಲಿಂದಲೋ ಲಂಬಾಣಿಗರು ಬರುತ್ತಾರೆ, ಆಗ ಸವಳಂಗದ ರಸ್ತೆಗಳೂ ತುಂಬಿಕೊಳ್ಳುತ್ತವೆ. ಅವರ ಹಿರಿಯರು ರೈಲು–ಲಾರಿಗಳಿಗೆ ಮೊದಲು ಎತ್ತುಗಳ ಹಿಂಡನ್ನೇ ಕಟ್ಟಿಕೊಂಡು ಉಪ್ಪು, ದವಸವನ್ನು ಸೀಮೆಯಿಂದ ಸೀಮೆಗೆ ಸಾಗಿಸಿದವರು. ರಾಜರ ದಂಡುಗಳು ಉಂಡದ್ದು ಅವರು ತಂದ ಕಾಳನ್ನು. ಲದೇಣಿ ಎನ್ನುತ್ತಾರೆ ಆ ಕಸುಬಿಗೆ. ಎತ್ತಿನ ಬೆನ್ನೂ ದೋಣಿಯ ಹೊಟ್ಟೆಯಂತೆಯೇ ಬಾಗಿದ್ದು, ಮೂಲೆಯಿಲ್ಲದ್ದು. ಅದರ ಮೇಲೆ ಪೆಟ್ಟಿಗೆ ನಿಲ್ಲದು, ಜೋಡು ಚೀಲ ನಿಲ್ಲುತ್ತದೆ. ಬಲಕ್ಕಿಷ್ಟು ಎಡಕ್ಕಿಷ್ಟು ಸಮನಾಗಿ ಇಳಿಬಿಟ್ಟರೆ ಎತ್ತು ಹೆಜ್ಜೆ ಹಾಕುತ್ತದೆ; ಒಂದು ಕಡೆ ಸೇರುಪ್ಪು ಹೆಚ್ಚಾದರೂ ಹೇರು ಜಾರುತ್ತದೆ. ದೋಣಿಯ ಪುಸ್ತಕಗಳಲ್ಲೂ ಇದನ್ನೇ ಬರೆದಿದ್ದಾರಂತೆ. ನೀರಿನ ಕ್ಯಾನು ಎಡಕ್ಕಿದ್ದರೆ ಬ್ಯಾಟರಿ ಬಲಕ್ಕೆ. ಭಾರದ್ದು ಕೆಳಗೆ, ನಟ್ಟನಡುವೆ. ಮೂಗಿನ ತುದಿಯಲ್ಲಿ ಭಾರ ಇಟ್ಟರೆ ಪ್ರತಿ ಅಲೆಗೂ ದೋಣಿ ಮುಗ್ಗರಿಸುತ್ತದೆ, ಬಾಲದಲ್ಲಿಟ್ಟರೆ ಮೂಗೆತ್ತಿಕೊಂಡು ತೆವಳುತ್ತದೆ. ಗಾಡಿ ಹೊಡೆದವನಿಗೆ ಇದು ಮುಂಭಾರ, ಹಿಂಭಾರ. ಮುಂಭಾರವಾದರೆ ಎತ್ತಿನ ಹೆಗಲು ಹುಣ್ಣು, ಹಿಂಭಾರವಾದರೆ ನೊಗ ಮೇಲೆದ್ದು ಕುತ್ತಿಗೆ ಹಗ್ಗ ಬಿಗಿ. ಹುಡುಗ ಇದನ್ನೆಲ್ಲ ಬರೆದುಕೊಂಡ. ಮೇಷ್ಟ್ರಾಗಿ ಮೂವತ್ತು ವರ್ಷ ಪಾಠ ಮಾಡಿದಾಗ ಯಾರೂ ಇಷ್ಟು ಶ್ರದ್ಧೆಯಿಂದ ಬರೆದುಕೊಂಡದ್ದು ನೆನಪಿಲ್ಲ.

ಮಾರನೆಯ ದಿನ ಹಳೆ ಮನೆಯ ಅಟ್ಟ ಹತ್ತಿದೆ. ಸಲಹೆ ಕೊಡುವವನು ಅಧ್ಯಯನ ಮಾಡಬೇಕಲ್ಲ. ಅಟ್ಟದ ಮೇಲೆ ತಾತನ ಟ್ರಂಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದದ್ದು: ಸವಳಂಗ, ಹೊನ್ನಾಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ. ಆ ಟ್ರಂಕು ನಾನು ಕಂಡಾಗಿನಿಂದ ಒಂದು ಗೇಣೂ ಅಲುಗಾಡಿಲ್ಲ. ಆದರೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಯಿತು, ಆಮೇಲೆ ನ್ಯಾಮತಿ ತಾಲ್ಲೂಕಿಗೂ ಹೋಯಿತು. ಕೂತಲ್ಲೇ ಇಷ್ಟು ಪಯಣ ಮಾಡಿದ ಸಾಮಾನು ನಮ್ಮ ಮನೆಯಲ್ಲಿ ಬೇರೆ ಇಲ್ಲ. ಅದರೊಳಗೆ ಏನಿದೆ ಎಂದು ಕೇಳಬೇಡಿ. ಬೀಗದ ಕೈ ಶಿವಮೊಗ್ಗ ಜಿಲ್ಲೆಯಲ್ಲಿದ್ದಾಗಲೇ ಕಳೆದಿದೆ.

ಅಟ್ಟದಲ್ಲಿ ಕೂತು ಕೆಳಗೆ ನೋಡಿದಾಗ ಅಜ್ಜಿಯ ಮನೆಗಾರಿಕೆ ನಕ್ಷೆಯಂತೆ ಕಂಡಿತು. ನಾವು ಸಾಮಾನನ್ನು ಎಲ್ಲಿಡಬೇಕು ಎಂದು ಯೋಚಿಸುತ್ತೇವೆ. ಅಜ್ಜಿ ಯಾರಿಂದ ಕಾಪಾಡಿ ಇಡಬೇಕು ಎಂದು ಯೋಚಿಸುತ್ತಿದ್ದಳು. ನೆಲವು ಬೆಕ್ಕಿಗಾಗಿ. ನಾಗಂದಿಗೆ ನಮಗಾಗಿ, ಅಂದರೆ ಉಂಡೆ ಕದಿಯುವ ಮಕ್ಕಳಿಗಾಗಿ. ಒಲೆಯ ಮೇಲಿನ ಅಟ್ಟ ನುಸಿಗಾಗಿ. ಅಲ್ಲಿ ಹೊಗೆಯಲ್ಲಿ ಬೀಜದ ಜೋಳದ ತೆನೆ, ಸೋರೆ ಬುರುಡೆಯೊಳಗಿನ ಬಿತ್ತನೆ ಬೀಜ. ಗೋಡೆಯ ಗೂಡು ಕತ್ತಲೆಗಾಗಿ, ಚಿಮಣಿ ಮತ್ತು ಬೆಂಕಿಪೊಟ್ಟಣಕ್ಕೆ. ಹಿತ್ತಲ ಬಾಗಿಲ ಹಿಂದಿನ ಮಡಕೆ, ಇದನ್ನು ಬಹಳ ತಡವಾಗಿ ತಿಳಿದೆ, ತಾತನಿಗಾಗಿ. ಅದರಲ್ಲಿ ಬೆಣ್ಣೆ ಮಾರಿದ ದುಡ್ಡು ಇರುತ್ತಿತ್ತು. ಹೀಗೆ ಒಂದೊಂದು ಜಾಗಕ್ಕೂ ಒಬ್ಬೊಬ್ಬ ಶತ್ರು. ದೋಣಿಯಲ್ಲಿ ಬೆಕ್ಕಿಲ್ಲ, ಮಕ್ಕಳಿಲ್ಲ, ಹುಡುಗನಿಗೆ ಇನ್ನೂ ಮದುವೆಯೂ ಇಲ್ಲ. ಹಾಗಾದರೆ ಅಲ್ಲಿನ ಶತ್ರು ಯಾರು? ಕೇಳಿದೆ. ಇಬ್ಬರೇ ಅಂದ. ಒಂದು ತೇವ, ಇನ್ನೊಂದು ವಾಲುವುದು. ಗಾಳಿ ಹಿಡಿದರೆ ದೋಣಿ ಒಂದು ಮಗ್ಗುಲಿಗೆ ಒರಗಿಕೊಂಡೇ ಓಡುತ್ತದೆ. ಆಗ ಕಪಾಟಿನ ಬಾಗಿಲು ತಾನೇ ತೆರೆದು ಸಾಂಬಾರಪುಡಿ ಎದುರು ಗೋಡೆಗೆ ಹೋಗಿ ಬಡಿಯುತ್ತದೆ. ಅದಕ್ಕೆ ಹಡಗಿನ ಹಲಗೆಗಳಿಗೆಲ್ಲ ಎರಡು ಬೆರಳೆತ್ತರದ ಕಟ್ಟೆ ಕಟ್ಟಿರುತ್ತಾರಂತೆ. ನಾಗಂದಿಗೆಗೆ ಏರಿ ಹಾಕಿದಂತೆ ಅಂದುಕೊಂಡೆ.

ತೇವದ ಕಥೆ ಬಂದಾಗ ನೆಲದ ಹಲಗೆ ಎತ್ತಿ ತೋರಿಸಿದ. ಕೆಳಗೆ ಗೇಣುದ್ದದ ಜಾಗ. ಬಿಲ್ಜ್ ಅನ್ನುತ್ತಾರೆ. ದೋಣಿಯೊಳಗೆ ಎಲ್ಲೇ ನೀರು ಜಿನುಗಿದರೂ ಅದು ಬಂದು ನಿಲ್ಲುವುದು ಅಲ್ಲಿ. ದೊಡ್ಡ ದೋಣಿಗಳಲ್ಲಿ ಅದು ಆಳವಾಗಿರುತ್ತದೆ, ತಂಪಾಗಿರುತ್ತದೆ, ಆದ್ದರಿಂದ ಡಬ್ಬಿ ಆಹಾರವನ್ನೆಲ್ಲ ಅಲ್ಲೇ ಜೋಡಿಸುತ್ತಿದ್ದರು. ಆದರೆ ಡಬ್ಬಿಯ ಮೇಲಿನ ಕಾಗದದ ಚೀಟಿ ನೀರಲ್ಲಿ ಕರಗಿ, ನೀರೆತ್ತುವ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಹಳೆಯ ನಾವಿಕರು ಹೊರಡುವ ಮೊದಲೇ ಚೀಟಿಗಳನ್ನೆಲ್ಲ ಕಿತ್ತು, ತಗಡಿನ ಮೇಲೆ ಬಣ್ಣದಲ್ಲಿ ಗುರುತು ಬರೆದುಕೊಳ್ಳುತ್ತಿದ್ದರು. ಬರೆಯಲು ಮರೆತವನು ಸಂಜೆ ಡಬ್ಬಿ ತೆರೆದಾಗ ಏನು ಬಂತೋ ಅದೇ ಊಟ.

ನನಗೆ ಕೂಡಲೇ ಹಗೇವು ನೆನಪಾಯಿತು. ಅಜ್ಜಿಯ ತವರು ಜಗಳೂರು ಕಡೆ. ಅಲ್ಲಿನ ಒಣನೆಲದಲ್ಲಿ ಜೋಳ ಇಡುವುದು ನೆಲದೊಳಗೆ. ಬಾವಿಯಂತೆ ತೋಡಿ, ಒಳಮೈಗೆ ಹುಲ್ಲು ದಂಟು ಒತ್ತಿ, ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಟ್ಟರೆ ಮೇಲೆ ಗಾಡಿ ಓಡಾಡಿದರೂ ಯಾರಿಗೂ ತಿಳಿಯದು. ಮದುವೆಯಾಗಿ ಸವಳಂಗಕ್ಕೆ ಬಂದ ಅಜ್ಜಿ ಇಲ್ಲೂ ಹಗೇವು ತೋಡಿಸಿ ಎಂದು ಹಟ ಹಿಡಿದಳಂತೆ. ತೋಡಿಸಿದರು. ಆಷಾಢದಲ್ಲಿ ಅದರಲ್ಲಿ ಕಪ್ಪೆ ಕೂಗಿದವು. ನಮ್ಮದು ಅರೆಮಲೆನಾಡು. ಬಿಲ್ಜ್ ಎಂದರೇನು ಎಂದು ನಮ್ಮ ಅಜ್ಜಿಗೆ ಆ ವರ್ಷವೇ ಗೊತ್ತಾಗಿತ್ತು.

ಹಗೇವಿನ ವಿಷಯದಲ್ಲಿ ಒಂದು ಎಚ್ಚರಿಕೆ ಇತ್ತು. ಬಾಯಿ ತೆರೆದ ಕೂಡಲೇ ಯಾರೂ ಇಳಿಯುವಂತಿರಲಿಲ್ಲ. ಮುಚ್ಚಿದ ಕಾಳು ಉಸಿರಾಡಿ ಒಳಗಿನ ಗಾಳಿ ಕೆಟ್ಟಿರುತ್ತದೆ, ಇಳಿದವನು ಅಲ್ಲೇ ಕುಸಿಯುತ್ತಾನೆ. ಕಲ್ಲು ಸರಿಸಿ ಹೊತ್ತು ಕಳೆಯಲು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ದೀಪ ಉರಿದರೆ ಮನುಷ್ಯ ಇಳಿಯಬಹುದು, ನಂದಿದರೆ ಇನ್ನೊಂದು ಎಲೆಯಡಿಕೆ ಹಾಕಿಕೊಳ್ಳಬೇಕು. ಇದನ್ನು ಹೇಳುತ್ತಿದ್ದಂತೆ ಹುಡುಗ ಸುಮ್ಮನಾದ. ಆಮೇಲೆ, "ಮಾಮ, ಗ್ಯಾಸ್ ಸಿಲಿಂಡರ್ ಬೆಂಚಿನ ಕೆಳಗೆ ಇಟ್ಟಿದೀನಿ" ಅಂದ. ಅಡುಗೆ ಅನಿಲ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲ ಸಂದಿಯಿಂದಾದರೂ ಹರಿದು ಹೋಗುತ್ತದೆ. ದೋಣಿಯ ತಳಕ್ಕೆ ಬಾಗಿಲಿಲ್ಲ. ಸೋರಿದ್ದೆಲ್ಲ ಬಿಲ್ಜಿಗಿಳಿದು ನೀರಿನಂತೆ ನಿಂತು ಒಂದು ಕಿಡಿಗೆ ಕಾಯುತ್ತದೆ. ಅಲ್ಲಿ ಲಾಟೀನು ಇಳಿಬಿಟ್ಟು ನೋಡುವ ಹಾಗೂ ಇಲ್ಲ. ಅವತ್ತೇ ಸಿಲಿಂಡರನ್ನು ಹೊರಗೆ ಹಾಕಿಸಿದೆ, ತೂತಿರುವ ಬೇರೆಯೇ ಪೆಟ್ಟಿಗೆಗೆ, ತೂತು ಸಮುದ್ರದ ಕಡೆ. ಒಟ್ಟು ಸಲಹೆಗಳಲ್ಲಿ ಇದೊಂದು ನಿಜವಾಗಿ ಕೆಲಸಕ್ಕೆ ಬಂದದ್ದು ಎಂದು ಈಗಲೂ ನನ್ನ ನಂಬಿಕೆ. ಅಕ್ಕನಿಗೆ ಹೇಳಿಲ್ಲ. ಜಾತಕದಲ್ಲಿ ಗ್ಯಾಸಿನ ಗಂಡವನ್ನೂ ಸೇರಿಸಿಬಿಡುತ್ತಾಳೆ.

ಅಷ್ಟಾದರೂ ಹಾಸಿಗೆ ಮೇಲಿನ ಸಾಮಾನು ಪೂರ್ತಿ ಇಳಿದಿರಲಿಲ್ಲ. ಇನ್ನೂ ದೊಡ್ಡ ತಜ್ಞರು ಬೇಕಾಗಿದ್ದರು. ಸರ್ಕಲ್ಲಿಗೆ ಹೋದೆ.

ಅಲ್ಲೊಂದು ಗೂಡಂಗಡಿ ಇದೆ. ಆರಡಿ ಉದ್ದ, ನಾಲ್ಕಡಿ ಅಗಲ. ಎಲೆಯಡಿಕೆ ಹಾಕಿಸಿಕೊಳ್ಳುವ ನೆಪದಲ್ಲಿ ಗೇಣಿನಿಂದ ಅಳೆದಿದ್ದೇನೆ. ಅಂಗಡಿಯವನು ಬೆಳಿಗ್ಗೆ ಒಂದು ಕಾಲು ಮಡಚಿ ಕೂತರೆ ರಾತ್ರಿ ಬಾಗಿಲು ಹಾಕುವಾಗಲೇ ಅದನ್ನು ಬಿಚ್ಚುವುದು. ಬಲಗೈ ಚಾಚಿದರೆ ಬೀಡಿ, ಬೆಂಕಿಪೊಟ್ಟಣ. ಎಡಗೈಗೆ ಒದ್ದೆಬಟ್ಟೆ ಸುತ್ತಿದ ವೀಳ್ಯದೆಲೆ, ಸುಣ್ಣದ ಡಬ್ಬಿ. ಹಣೆಗೆ ತಾಗುವಂತೆ ಶಾಂಪೂ ಚೀಟಿಗಳ ಸರ, ಕೇಳಿದವರಿಗೊಂದು ಹರಿದುಕೊಡಲು. ಬಾಳೆಗೊನೆ ಸೂರಿನ ಕೊಕ್ಕೆಯಲ್ಲಿ. ಸಿಗರೇಟು ಹಚ್ಚುವ ಲೈಟರು ದಾರದಲ್ಲಿ ನೇತಾಡುತ್ತದೆ, ಗಿರಾಕಿ ಜೇಬಿಗೆ ಹಾಕಿಕೊಂಡು ಹೋಗದಂತೆ. ಕೂತ ಹಲಗೆಯ ಕೆಳಗೆ ಸೋಡಾ ಕ್ರೇಟು. ಬೆನ್ನ ಹಿಂದೆ ದೇವರು. ಸಂಜೆ ಶಿವಮೊಗ್ಗದ ಬಸ್ಸು ನಿಂತು ಆರು ಜನ ಒಟ್ಟಿಗೆ ಕೂಗಿದರೂ ಅವನು ತಲೆ ಎತ್ತುವುದಿಲ್ಲ, ಕೈ ಎರಡೇ ಓಡಾಡುತ್ತವೆ.

ಹಿಂಗೆ ಜೋಡಿಸೋದು ಹೆಂಗಪ್ಪಾ, ಏನು ಲೆಕ್ಕ ಅಂತ ಕೇಳಿದೆ. ಅಡಿಕೆ ಕತ್ತರಿಸುತ್ತಲೇ ಹೇಳಿದ: "ದಿನಕ್ಕೆ ನೂರು ಸಲ ಕೇಳೋದು ಮೊಣಕೈ ತಾವ ಇರ್ಬೇಕು ಮೇಷ್ಟ್ರೇ. ಹತ್ತು ಸಲ ಕೇಳೋದು ತಲೆ ಮ್ಯಾಲೆ. ವಾರಕ್ಕೊಂದ್ಸಲ ಕೇಳೋದು ಕುಂಡಿ ಕೆಳಗೆ."

"ಯಾರೂ ಕೇಳದೇ ಇರೋದು?"

"ಅದು ಮುಂದ್ಗಡೆ. ಕಣ್ಣಿಗೆ ಬೀಳ್ಳಿ, ಖರ್ಚಾಗ್ಲಿ."

ಇದನ್ನು ಹುಡುಗನಿಗೆ ಹಾಗೆ ಹಾಗೇ ದಾಟಿಸಿದೆ. ಒಂದು ಪದ ಮಾತ್ರ ತಿದ್ದಿದೆ. ಅವನು ನಗಲಿಲ್ಲ. ಕೇರಳದ ಅಭಿಲಾಷ್ ಟೋಮಿ ಅವರ ಕಥೆ ಹೇಳಿದ. ನೌಕಾಪಡೆಯ ಅಧಿಕಾರಿಯಾಗಿದ್ದವರು, 2013ರಲ್ಲಿ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ ಬಂದ ಮೊದಲ ಭಾರತೀಯ. 2018ರಲ್ಲಿ ಮತ್ತೆ ಹೊರಟರು, ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ, ತುರಿಯಾ ಎಂಬ ದೋಣಿಯಲ್ಲಿ. ಗೋವಾದಲ್ಲಿ ಕಟ್ಟಿದ್ದು, ಆದರೆ ಸುಹೈಲಿಯ ಪಡಿಯಚ್ಚು. ಆ ಸುಹೈಲಿ ನಮ್ಮ ಮುಂಬೈನಲ್ಲಿ ತೇಗದಲ್ಲಿ ಕಟ್ಟಿದ 32 ಅಡಿಯ ದೋಣಿ. 1968–69ರಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅದರಲ್ಲಿ 312 ದಿನ ಒಬ್ಬನೇ ಕಳೆದು, ನಿಲ್ಲದೆ ಭೂಮಿ ಸುತ್ತಿದವರಲ್ಲಿ ಮೊದಲಿಗನಾದ. ಟೋಮಿಯವರ ದೋಣಿ ಸೆಪ್ಟೆಂಬರಿನಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯ ಬಿರುಗಾಳಿಗೆ ಸಿಕ್ಕಿ ಉರುಳಿ ಕಂಬ ಮುರಿಯಿತು, ಅವರ ಬೆನ್ನುಮೂಳೆಗೆ ಪೆಟ್ಟಾಯಿತು. ಮಲಗಿದಲ್ಲಿಂದ ಕಳಿಸಿದ ನಾಲ್ಕು ಮಾತಿನ ಸಂದೇಶದಲ್ಲಿ ಒಂದು, ತುರ್ತಿನ ಚೀಲಕ್ಕೆ ಕೈ ಹೋಗುವುದು ಕಷ್ಟ ಅಂತ. ಚೀಲ ಆ 32 ಅಡಿಯೊಳಗೇ ಇತ್ತು. ಮೂರು ದಿನದ ಮೇಲೆ ಫ್ರಾನ್ಸಿನ ಹಡಗೊಂದು ಬಂದು ಅವರನ್ನು ಎತ್ತಿಕೊಂಡಿತು. 2022ರಲ್ಲಿ ಮತ್ತೆ ಅದೇ ಪಂದ್ಯಕ್ಕೆ ಹೊರಟು ಮರುವರ್ಷ ಎರಡನೆಯವರಾಗಿ ಬಂದು ಮುಟ್ಟಿದರು ಎನ್ನುವುದು ಬೇರೆ ಮಾತು.

"ಮೊಣಕೈ ತಾವ" ಎಂದು ಹುಡುಗ ಬರೆದುಕೊಂಡ. ತುರ್ತಿನ ಚೀಲ, ಟಾರ್ಚು, ಚಾಕು, ಸೀಟಿ, ಇವಿಷ್ಟು ಮಲಗಿದಲ್ಲಿಂದ ಕೈಗೆ ಸಿಗುವಂತೆ. ಚಾಕುವನ್ನು ದಿಕ್ಸೂಚಿಯಿಂದ ದೂರ ಇಟ್ಟಿದ್ದಾನಂತೆ. ಕಬ್ಬಿಣ ಹತ್ತಿರವಿದ್ದರೆ ಅದರ ಮುಳ್ಳಿಗೆ ಬುದ್ಧಿ ಕೆಡುತ್ತದೆ.

ಈ ಹೊತ್ತಿಗೆ ನನಗೂ ಸ್ವಲ್ಪ ಕೆಟ್ಟಿತ್ತು. ಗೂಡಂಗಡಿಯ ಸೂತ್ರವನ್ನು ಮನೆಯಲ್ಲೂ ಜಾರಿಗೆ ತರೋಣ ಎಂದು, ಹೆಂಡತಿ ಸಂತೆಗೆ ಹೋದಾಗ ಅಡುಗೆಮನೆ ಹೊಕ್ಕೆ. ಸಾಸಿವೆ ಡಬ್ಬಿ ಎತ್ತರದಲ್ಲಿತ್ತು. ದಿನಕ್ಕೆ ನಾಲ್ಕು ಸಲ ಬೇಕಾಗುವ ವಸ್ತು ಅಲ್ಲೇಕೆ? ಇಳಿಸಿ ಮೊಣಕೈ ಹತ್ತಿರ ಇಟ್ಟೆ. ಆ ಜಾಗದಲ್ಲಿದ್ದ ಅಡುಗೆ ಸೋಡಾವನ್ನು ಮೇಲಕ್ಕೆ ಕಳಿಸಿದೆ. ಸಂಜೆ ಕರೆಂಟು ಹೋಯಿತು. ಎಣ್ಣೆ ಕಾದಿತ್ತು. ನೋಡದೆಯೇ ಮೇಲೆ ಹೋದ ಅವಳ ಕೈ, ನೋಡದೆಯೇ ಡಬ್ಬಿ ತೆರೆದು, ನೋಡದೆಯೇ ಒಗ್ಗರಣೆಗೆ ಹಾಕಿತು. ಆ ಸಾರಿನ ನೊರೆಯನ್ನು ನಾನು ವರ್ಣಿಸಲಾರೆ.

"ರೀ, ನಿಮ್ಮ ಹಡಗು ಎಲ್ಲಿಗಾದ್ರೂ ಹೋಗ್ಲಿ. ನನ್ನ ಡಬ್ಬಿ ಮುಟ್ಟಬ್ಯಾಡಿ" ಅಂದಳು. ಅಷ್ಟೇ ಅಂದದ್ದು. ಆಮೇಲೆ ಎರಡು ದಿನ ಏನೂ ಅನ್ನಲಿಲ್ಲ. ಸಾಸಿವೆ ಎತ್ತರಕ್ಕೆ ಹೋದದ್ದು ಮೂವತ್ತೈದು ವರ್ಷದ ಹಿಂದೆ, ಅಂಬೆಗಾಲಿನ ಮಗ ಅದನ್ನು ನೆಲಕ್ಕೆ ಚೆಲ್ಲುತ್ತಿದ್ದನೆಂದು. ಆ ಶತ್ರು ಈಗ ಬೆಂಗಳೂರಿನಲ್ಲಿ ಬ್ಯಾಂಕಿನಲ್ಲಿದ್ದಾನೆ. ಕೈಗೆ ಅದು ತಿಳಿಯದು.

ಅಕ್ಕ ಇಷ್ಟರಲ್ಲಿ ಊಟ ಶುರು ಮಾಡಿದ್ದಳು. ಮಗ ದೋಣಿ ಬಿಡುವುದಿಲ್ಲ ಎಂದು ಖಾತ್ರಿಯಾದ ಮೇಲೆ ತಾನೂ ಏನಾದರೂ ಕೊಡಬೇಕಲ್ಲ. ಪುಂಡಿನಾರು ತರಿಸಿ, ಕಟ್ಟೆಯ ಮೇಲೆ ಕಾಲು ಚಾಚಿ ಕೂತು, ಕಾಲ ಹೆಬ್ಬೆರಳಿಗೆ ಹುರಿ ಸಿಕ್ಕಿಸಿಕೊಂಡು ನೆಲವು ಹೆಣೆದಳು. ನಾಲ್ಕು ಎಳೆ, ಬುಡಕ್ಕೆ ಒಂದು ಸಿಂಬಿ, ಮೇಲೆ ಕುಣಿಕೆ. ಗಂಟುಗಳನ್ನು ಹಲ್ಲಿನಲ್ಲಿ ಎಳೆದು ಬಿಗಿದಳು. ನಮ್ಮ ಕಡೆಯವರೊಬ್ಬರು ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟಿದ್ದರು. ಅವರ ಇಪ್ಪತ್ತಮೂರು ಕಿಲೋದ ಎರಡು ಪೆಟ್ಟಿಗೆಗಳಲ್ಲಿ ಕೊಬ್ಬರಿ, ಅಂಟು, ಉದ್ದಿನಪುಡಿಗಳ ನಡುವೆ ಆ ನೆಲವು ಹೋಯಿತು. ಅಲ್ಲಿನ ದೋಣಿಯವರೂ ಹಣ್ಣು–ತರಕಾರಿಯನ್ನು ಬಲೆಯಲ್ಲೇ ತೂಗುಹಾಕುತ್ತಾರಂತೆ. ಗಾಳಿಯಾಡಿದರೆ ಕೊಳೆಯುವುದಿಲ್ಲ, ನೆಲದ ಜಾಗವೂ ಉಳಿಯುತ್ತದೆ. ಮೊದಲ ದಿನ ಉದ್ದ ಬಿಟ್ಟು ಕಟ್ಟಿ, ಅದು ತೂಗಾಡಿ ಹುಡುಗನ ತಲೆಗೂ ಟೊಮೆಟೊಗೂ ಸಮನಾಗಿ ಪೆಟ್ಟಾಯಿತು. ಗಿಡ್ಡ ಮಾಡಿ ಕಟ್ಟು ಅಂದೆ.

ಹೋದ ಭಾನುವಾರ ಮತ್ತೆ ಕಾಲ್ ಬಂತು. ದೋಣಿ ಓಡುತ್ತಿತ್ತು. ಫೋನನ್ನು ಒಳಗಿನ ಗೋಡೆಗೆ ಸಿಕ್ಕಿಸಿದ್ದ. ತ್ರಿಕೋನದ ಹಾಸಿಗೆ ಖಾಲಿ, ದುಪ್ಪಟಿ ಕೂಡ ಹಾಸಿದೆ. ಬೆಂಚಿನ ಬೆನ್ನಿಗೆ ಸಾಲಾಗಿ ಚೀಲ. ಆ ಡಜನ್ ಪ್ಲಾಸ್ಟಿಕ್ ಡಬ್ಬಗಳನ್ನು ಏನು ಮಾಡಿದೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ನಡುವೆ ಈರುಳ್ಳಿ ತುಂಬಿದ ನೆಲವು.

ಅಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. "ಅಯ್ಯೋ, ನೆಲವು ವಾರೆ ಆಗ್ಯದಲ್ಲೋ. ಹೆಂಗೆ ಕಟ್ಟೀಯ? ಒಂದ್ಕಡೆ ಎಳೆ ಗಿಡ್ಡ ಆಗ್ಯದೆ ನೋಡು" ಅಂದಳು.

ನಿಜ. ಪರದೆಯ ಮೇಲೆ ದೋಣಿಯ ಬೆಂಚು, ಗೋಡೆ, ಸೂರು ಎಲ್ಲ ನೆಟ್ಟಗಿದ್ದವು. ನೆಲವೊಂದೇ ಗಾಳಿಗೆ ಸಿಕ್ಕಿದ ಹಾಗೆ ಓರೆಯಾಗಿ ನಿಂತುಬಿಟ್ಟಿತ್ತು.

"ನೆಲವು ನೆಟ್ಟಗೈತಮ್ಮ" ಅಂತ ಮೇಲಿನಿಂದ ಅವನ ಕೂಗು ಬಂತು. "ವಾಲಿರೋದು ದೋಣಿ."

ಅಕ್ಕ ನಂಬಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡುತ್ತ ಹೋದಳು. ನೆಲವು ನೆಟ್ಟಗಾಯಿತು, ಈರುಳ್ಳಿ ನೆಟ್ಟಗಾದವು. ಹಾಸಿಗೆ, ಬೆಂಚು, ಮಗ ಇರುವ ಇಡೀ ಮನೆ ಒಂದು ಮಗ್ಗುಲಿಗೆ ಒರಗಿತು. ಹಾಗೇ ಹಿಡಿದುಕೊಂಡು ಸ್ವಲ್ಪ ಹೊತ್ತು ನೋಡಿದಳು.

"ಆಗ್ಲಿ" ಅಂದಳು. "ಕೆಳಗಿನ ಗಂಟು ಮಾತ್ರ ಒಂದ್ಸಲ ನೋಡ್ಕೋ."